ಸುತ್ತುವ ಕುರಿ, ನೀರುಗುಳ್ಳೆಯ ಕಲೇಜಿ

ದರ್ಸ್‌ನಲ್ಲಿ ಫಿಕ್‌ಹ್ ಓದುತ್ತಿದ್ದ ಕಾಲ. ಕುರ್ಬಾನಿಯ ಅಧ್ಯಾಯ ನಡೆಯುತ್ತಿತ್ತು. ಇಮಾಮ್ ನವವಿ(ರ)ಯವರು ತಮ್ಮ 'ಮಿನ್‌ಹಾಜ್' ಗ್ರಂಥದಲ್ಲಿ ಬಲಿಗೆ ಸಲ್ಲದ ಪ್ರಾಣಿಗಳನ್ನು ಎಣಿಸುತ್ತಾ, ತೀರಾ ಬಡಕಲಾದದ್ದು, ಕುಂಟು, ಒಕ್ಕಣ್ಣು ಮುಂತಾದವುಗಳ ಸಾಲಿನಲ್ಲಿ 'ಮಜ್ನೂನಾ' ಎಂಬುದನ್ನೂ ಸೇರಿಸಿದ್ದಾರೆ. ಅಂದರೆ ಹುಚ್ಚು ಹಿಡಿದದ್ದು. ಕುರಿಗೂ ಹುಚ್ಚೇ ಎಂದು ನಾವು ಹುಡುಗರು ಬಾಯಿಗೆ ಕೈ ಅಡ್ಡವಿಟ್ಟು ನಕ್ಕಿದ್ದೆವು. ವ್ಯಾಖ್ಯಾನಕಾರರು ಅದನ್ನು ಬಿಡಿಸಿ ಹೇಳಿದ್ದಾರೆ. ಅರಬರು 'ಸೌಲಾ' ಎಂದು ಕರೆಯುವ ಕುರಿ ಅದು. ಮೇವಿನ ಬಯಲಿನಲ್ಲಿ ಅದು ಸುತ್ತು ಹಾಕುತ್ತಿರುತ್ತದೆ, ಮೇಯುವುದು ಅಲ್ಪ, ಹಾಗಾಗಿ ಸೊರಗುತ್ತದೆ. ಉಸ್ತಾದರು ಅಷ್ಟು ಓದಿ ಮುಂದಿನ ಸಾಲಿಗೆ ಹೋದರು. ನಾವೂ ಪರೀಕ್ಷೆಯಲ್ಲಿ ಬರೆದು ಮರೆತೆವು.

ಆ ಕುರಿಯನ್ನು ನಾನು ಕಣ್ಣಾರೆ ಕಂಡದ್ದು ಹಲವು ವರ್ಷಗಳ ನಂತರ, ಚಿತ್ರದುರ್ಗ ಜಿಲ್ಲೆಯ ಒಂದು ಹಳ್ಳಿಯಲ್ಲಿ ಅಧ್ಯಾಪಕನಾಗಿದ್ದಾಗ. ಬಕ್ರೀದ್‌ಗೆ ಕುರಿ ನೋಡಲೆಂದು ಊರ ಹೊರಗಿನ ಹಟ್ಟಿಗೆ ಹೋಗಿದ್ದೆ. ಮಂದೆಯಿಂದ ಸ್ವಲ್ಪ ದೂರದಲ್ಲಿ ವರ್ಷದೊಳಗಿನ ಒಂದು ಮರಿ ತಲೆಯನ್ನು ಎಡಕ್ಕೆ ವಾಲಿಸಿಕೊಂಡು ಗಾಣದ ಎತ್ತಿನಂತೆ ಒಂದೇ ಕಡೆಗೆ ಸುತ್ತುತ್ತಿತ್ತು. ನಾನು ಅದನ್ನೇ ನೋಡುತ್ತಿದ್ದುದನ್ನು ಕಂಡು ಕುರಿಗಾಹಿ ಅಜ್ಜ ಹೇಳಿದರು: "ಅದು ಬ್ಯಾಡ ಮೇಷ್ಟ್ರೇ. ತಲೆಯಾಗೆ ನೀರು ಕಟ್ಟೈತೆ. ಉಳಿಯಲ್ಲ."

ಅಜ್ಜ ಯಾವ ಪುಸ್ತಕವನ್ನೂ ಓದಿದವರಲ್ಲ. ಆದರೂ ಅವರು ಹೇಳಿದ್ದು ಅಕ್ಷರಶಃ ನಿಜ. ನಾನು ಆ ಮರಿಯನ್ನು ಏನು ಮಾಡುತ್ತೀರಿ ಎಂದು ಕೇಳಿದೆ. ಕೊಯ್ದು ಮಾಂಸ ಹಂಚಿಕೊಳ್ಳುತ್ತೇವೆ, ತಲೆಯನ್ನು ನಾಯಿಗೆ ಹಾಕುತ್ತೇವೆ ಎಂದರು. ಆಗ ನನಗೆ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ. ಈ ಲೇಖನ ಬರೆಯುತ್ತಿರುವುದು ಆ ಕೊನೆಯ ಮಾತಿಗಾಗಿ.

ಕುರಿಯ ತಲೆಯೊಳಗಿನ ಆ 'ನೀರು' ಒಂದು ಲಾಡಿಹುಳುವಿನ ಲಾರ್ವಾ. ಹುಳುವಿನ ಹೆಸರು ಟೀನಿಯಾ ಮಲ್ಟಿಸೆಪ್ಸ್. ಪೂರ್ಣ ಬೆಳೆದ ಹುಳು ವಾಸಿಸುವುದು ನಾಯಿಯ ಕರುಳಿನಲ್ಲಿ. ಅದರ ಮೊಟ್ಟೆಗಳು ನಾಯಿಯ ಮಲದ ಮೂಲಕ ಹುಲ್ಲಿಗೆ ಬೀಳುತ್ತವೆ, ಹುಲ್ಲಿನೊಂದಿಗೆ ಕುರಿಯ ಹೊಟ್ಟೆ ಸೇರುತ್ತವೆ. ಅಲ್ಲಿ ಮೊಟ್ಟೆಯೊಡೆದು ಹೊರಬಂದ ಮರಿ ರಕ್ತದ ಜೊತೆ ಹರಿದು ಮಿದುಳಿಗೆ ತಲುಪಿ, ಅಲ್ಲಿ ತೆಳುವಾದ ನೀರಿನ ಚೀಲವಾಗಿ ಬೆಳೆಯುತ್ತದೆ. ಚೀಲದ ಒಳಗೋಡೆಯಲ್ಲಿ ಅಕ್ಕಿಯ ನುಚ್ಚಿನಂತೆ ಬಿಳಿ ಚುಕ್ಕೆಗಳು, ಕೆಲವೊಮ್ಮೆ ನೂರಾರು. ಒಂದೊಂದು ಚುಕ್ಕೆಯೂ ಮುಂದೊಂದು ಲಾಡಿಹುಳುವಾಗಬಲ್ಲ ತಲೆ. ಚೀಲ ದೊಡ್ಡದಾಗಿ ಮಿದುಳನ್ನು ಒತ್ತಿದಾಗ ಕುರಿ ಸುತ್ತತೊಡಗುತ್ತದೆ. ನಾಯಿ ಆ ತಲೆಯನ್ನು ತಿಂದರೆ ಚಕ್ರ ಪೂರ್ತಿಯಾಯಿತು. ಸುತ್ತುವ ಕುರಿಯೆಲ್ಲ ಇದೇ ರೋಗದ್ದೆಂದು ಹೇಳಲಾಗದು. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾದಿಂದಲೂ ಕುರಿ ಸುತ್ತುತ್ತದೆ. ಆದರೆ ಮಂದೆ ಬಿಟ್ಟು, ಮೇವು ಬಿಟ್ಟು, ನಿಧಾನವಾಗಿ ಸೊರಗುತ್ತಾ ಸುತ್ತುವ ಎಳೆಯ ಕುರಿಯ ಚಿತ್ರ ಈ ಲಾಡಿಹುಳುವಿನ ರೋಗಕ್ಕೆ ಎಷ್ಟು ಹೊಂದುತ್ತದೆಂದರೆ, ಹಳೆಯ ಫುಕಹಾಗಳು ಕುರಿಗಾಹಿಗಳ ನಡುವೆ ಬದುಕಿದವರು ಎಂಬುದು ನನಗೆ ಅಂದೇ ಮನದಟ್ಟಾಯಿತು. ಹನಫೀ ಗ್ರಂಥ 'ಹಿದಾಯಾ'ದಲ್ಲೂ ಈ ಕುರಿಯ ಪ್ರಸ್ತಾಪವಿದೆ. ಅದು ಮೇವು ತಿನ್ನುತ್ತಿದ್ದರೆ ಸರಿ, ತಿನ್ನದಿದ್ದರೆ ಸಲ್ಲದು ಎಂಬ ಅಭಿಪ್ರಾಯವನ್ನು ಅಲ್ಲಿ ಕಾಣಬಹುದು.

ಸುತ್ತುವ ಕುರಿಯನ್ನು ಹೇಗೂ ನಾವು ಕೊಳ್ಳುವುದಿಲ್ಲ. ನಮ್ಮ ಮನೆಯಂಗಳಕ್ಕೆ ಬರುವುದು ಇದರ ಸೋದರ ಸಂಬಂಧಿ. ಅದು ಹೊರಗಿನಿಂದ ಕಾಣದು.

ಬಕ್ರೀದ್ ದಿನ ಕುರಿಯ ಹೊಟ್ಟೆ ಸೀಳಿದಾಗ ಕಲೇಜಿಯ ಮೇಲೋ ಶ್ವಾಸಕೋಶದಲ್ಲೋ ಬಿಳಿಯ ಗುಳ್ಳೆಗಳು ಕಂಡದ್ದು ನಿಮಗೆ ನೆನಪಿರಬಹುದು. ಅಡಿಕೆಯಷ್ಟು, ನಿಂಬೆಹಣ್ಣಿನಷ್ಟು, ಕೆಲವೊಮ್ಮೆ ಇನ್ನೂ ದೊಡ್ಡದು. ಕತ್ತಿ ತಾಗಿದರೆ ತಿಳಿನೀರು ಚಿಮ್ಮುತ್ತದೆ. ಕಸಾಯಿಯವರು "ನೀರು ಗುಳ್ಳೆ, ಏನಾಗೋದಿಲ್ಲ" ಎನ್ನುತ್ತಾ ಆ ಭಾಗವನ್ನು ಕತ್ತರಿಸಿ ಬೇಲಿಯಾಚೆ ಎಸೆಯುತ್ತಾರೆ. ಬೇಲಿಯಾಚೆ ಬೆಳಗಿನಿಂದ ಕಾದು ಕುಳಿತ ನಾಯಿಗಳಿರುತ್ತವೆ. ನಾನೂ ಎಷ್ಟೋ ಸಲ ಹಾಗೆಯೇ ಎಸೆದಿದ್ದೇನೆ.

ಇದು ಎಕಿನೊಕಾಕಸ್ ಗ್ರ್ಯಾನುಲೋಸಸ್ ಎಂಬ ಲಾಡಿಹುಳುವಿನ ಲಾರ್ವಾ. ಡಾಕ್ಟರುಗಳು ಇದನ್ನು ಹೈಡ್ಯಾಟಿಡ್ ಗುಳ್ಳೆ ಎನ್ನುತ್ತಾರೆ. ಲಾಡಿಹುಳು ಎಂದರೆ ಮೊಳಗಟ್ಟಲೆ ಉದ್ದವೆಂಬ ನಮ್ಮ ಕಲ್ಪನೆಗೆ ಇದು ಒಗ್ಗುವುದಿಲ್ಲ. ನಾಯಿಯ ಕರುಳಿನಲ್ಲಿರುವ ಈ ಹುಳುವಿನ ಉದ್ದ ಕೆಲವೇ ಮಿಲಿಮೀಟರ್, ಅಂದರೆ ಅಕ್ಕಿಕಾಳಿಗಿಂತಲೂ ಸಣ್ಣದು. ಒಂದೇ ನಾಯಿಯಲ್ಲಿ ಸಾವಿರಾರು ಇರಬಹುದು. ನಾಯಿ ಮಾತ್ರ ಆರೋಗ್ಯವಾಗಿಯೇ ಓಡಾಡಿಕೊಂಡಿರುತ್ತದೆ. ಗುಳ್ಳೆಯಿರುವ ಕಲೇಜಿ ತಿಂದ ಸುಮಾರು ಆರೇಳು ವಾರಗಳಲ್ಲಿ ಅದರ ಮಲದಲ್ಲಿ ಮೊಟ್ಟೆಗಳು ಬರತೊಡಗುತ್ತವೆ. ಬಕ್ರೀದ್‌ನ ಎಸೆತದ ಫಲ ಸಫರ್ ತಿಂಗಳ ಹೊತ್ತಿಗೆ ನಮ್ಮ ಓಣಿಯ ಮಣ್ಣಿನಲ್ಲಿರುತ್ತದೆ ಎಂದು ಲೆಕ್ಕ ಹಾಕಿಕೊಳ್ಳಿ.

ಆ ಮೊಟ್ಟೆಗಳನ್ನು ಕುರಿ ನುಂಗಿದರೆ ಕುರಿಯಲ್ಲಿ ಗುಳ್ಳೆ. ಮನುಷ್ಯ ನುಂಗಿದರೆ ಮನುಷ್ಯನಲ್ಲಿ ಗುಳ್ಳೆ.

ನನ್ನ ಪತ್ನಿಯ ಅಕ್ಕನಿಗೆ ಬಲಗಡೆ ಪಕ್ಕೆಲುಬಿನ ಕೆಳಗೆ ಮಂದವಾದ ನೋವಿತ್ತು. ಗ್ಯಾಸ್ ಇರಬೇಕೆಂದು ವರ್ಷಗಟ್ಟಲೆ ಓಮದ ನೀರು ಕುಡಿದರು. ಕೊನೆಗೆ ಪಿತ್ತಕೋಶದ ಕಲ್ಲಿರಬಹುದೆಂದು ಸ್ಕ್ಯಾನ್ ಮಾಡಿಸಿದಾಗ ಯಕೃತ್ತಿನಲ್ಲಿ ಕಿತ್ತಳೆ ಗಾತ್ರದ ಗುಳ್ಳೆ ಕಂಡಿತು. ಆಪರೇಷನ್ ಆಯಿತು. ಅದಕ್ಕೂ ಮೊದಲು, ಆಮೇಲೂ ಆಲ್ಬೆಂಡಜೋಲ್ ಮಾತ್ರೆ ನುಂಗಬೇಕಾಯಿತು. ಅಲ್‌ಹಮ್ದುಲಿಲ್ಲಾಹ್, ಈಗ ಆರಾಮವಾಗಿದ್ದಾರೆ. ಆದರೆ ಅವರನ್ನು ನೋವಿಗಿಂತ ಹೆಚ್ಚು ಕಾಡಿದ್ದು ಬೇರೆಯೇ ವಿಷಯ. "ನಾನು ಕಲೇಜಿ ಸರಿಯಾಗಿ ಬೇಯಿಸದೆ ತಿಂದೆನೇನೋ. ಮಕ್ಕಳಿಗೂ ಕೊಟ್ಟಿದ್ದೇನಲ್ಲ" ಎಂದು ಆಸ್ಪತ್ರೆಯ ಮಂಚದಲ್ಲಿ ಅಳುತ್ತಿದ್ದರು. ಸಂಬಂಧಿಕರಲ್ಲೂ ಕೆಲವರು ಹಾಗೆಯೇ ಅಂದರು. ನಮ್ಮಲ್ಲಿ ಯಾವ ಕಾಯಿಲೆ ಬಂದರೂ ಅಡುಗೆಮನೆಯಲ್ಲಿರುವವಳ ತಲೆಗೆ ಕಟ್ಟುವುದು ಸುಲಭ.

ಸಹೋದರಿಯರು ಇದನ್ನು ಗಮನವಿಟ್ಟು ಓದಬೇಕು. ಕುರಿಯ ಮಾಂಸ ತಿಂದರೆ, ಕಲೇಜಿ ತಿಂದರೆ ಈ ರೋಗ ಬರುವುದಿಲ್ಲ. ಕುರಿಯ ಗುಳ್ಳೆಯಲ್ಲಿರುವುದು ಲಾರ್ವಾ, ಅದು ಹುಳುವಾಗುವುದು ನಾಯಿ, ತೋಳ, ನರಿಗಳ ಕರುಳಿನಲ್ಲಿ ಮಾತ್ರ. ಮನುಷ್ಯನಿಗೆ ರೋಗ ತರುವುದು ನಾಯಿಯ ಮಲದಿಂದ ಬರುವ ಮೊಟ್ಟೆ. ಅದು ಸರಿಯಾಗಿ ತೊಳೆಯದ ಸೊಪ್ಪಿನ ಮೂಲಕ, ಮಣ್ಣಾಡಿದ ಕೈಯ ಮೂಲಕ, ನೀರಿನ ಮೂಲಕ, ನಾಯಿಯ ಮೈ ಸವರಿದ ಕೈಯ ಮೂಲಕ ಬಾಯಿ ಸೇರುತ್ತದೆ. ನಮ್ಮ ನಾದಿನಿಯ ಮನೆಯಲ್ಲಿ ನಾಯಿಯೇ ಇರಲಿಲ್ಲ. ಆದರೆ ಹಿತ್ತಿಲಲ್ಲಿ ಕೊತ್ತಂಬರಿ, ಹರಿವೆ ಬೆಳೆಯುತ್ತಿದ್ದರು. ಹಿತ್ತಿಲಿಗೆ ಗೋಡೆಯಿರಲಿಲ್ಲ. ಯಾವ ವರ್ಷ, ಯಾವ ನಾಯಿಯಿಂದ ಬಂತೆಂದು ಹೇಳಲು ಯಾರಿಂದಲೂ ಆಗದು. ಏಕೆಂದರೆ ಮನುಷ್ಯನಲ್ಲಿ ಈ ಗುಳ್ಳೆ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ಹೆಚ್ಚಿನವರಲ್ಲಿ ಯಕೃತ್ತಿನಲ್ಲಿ, ನಂತರದ ಸ್ಥಾನ ಶ್ವಾಸಕೋಶಕ್ಕೆ. ಒಳಗೇ ಒಡೆದರೆ ತೀವ್ರ ಅಲರ್ಜಿಯಾಗಿ ಜೀವಕ್ಕೇ ಅಪಾಯವಾಗಬಹುದು, ಚೆಲ್ಲಿದ ನೀರಿನಿಂದ ಹೊಟ್ಟೆಯ ತುಂಬ ಹೊಸ ಗುಳ್ಳೆಗಳೂ ಹುಟ್ಟಬಹುದು.

ಕುರಿಯ ಗುಳ್ಳೆಗೂ ನಾಯಿಯ ಹುಳುವಿಗೂ ಸಂಬಂಧವಿದೆಯೆಂಬುದು ಖಚಿತವಾದದ್ದು 1850ರ ದಶಕದ ಆರಂಭದಲ್ಲಿ. ಜರ್ಮನಿಯ ಕಾರ್ಲ್ ಫಾನ್ ಸೀಬೋಲ್ಡ್ ಎಂಬ ವಿಜ್ಞಾನಿ ಕುರಿಯ ಗುಳ್ಳೆಗಳನ್ನು ನಾಯಿಗಳಿಗೆ ತಿನ್ನಿಸಿ, ಕೆಲವು ವಾರಗಳ ನಂತರ ಅವುಗಳ ಕರುಳಿನಲ್ಲಿ ಸಣ್ಣ ಲಾಡಿಹುಳುಗಳನ್ನು ಕಂಡರು. 1863ರಲ್ಲಿ ಬರ್ನ್‌ಹಾರ್ಡ್ ನೌನಿನ್ ಮನುಷ್ಯನ ಗುಳ್ಳೆಯಿಂದಲೂ ಅದೇ ಫಲ ಪಡೆದರು. ಅಲ್ಲಿಂದ ಮುಂದಿನ ಪ್ರಶ್ನೆ ಸುಮಾರು ನೂರು ವರ್ಷಕ್ಕೂ ಹೆಚ್ಚು ಕಾಲ ಬಿಡಿಸದೆ ಉಳಿಯಿತು. ಕುರಿಯಲ್ಲಿ ಗುಳ್ಳೆ, ಎಮ್ಮೆಯಲ್ಲಿ ಗುಳ್ಳೆ, ಕುದುರೆಯಲ್ಲಿ, ಒಂಟೆಯಲ್ಲಿ ಗುಳ್ಳೆ. ಇವೆಲ್ಲ ಒಂದೇ ಹುಳುವಿನದೇ? ಎಲ್ಲವೂ ಮನುಷ್ಯನಿಗೆ ಅಪಾಯಕಾರಿಯೇ? ಕಣ್ಣಿಗೆ ಮಾತ್ರವಲ್ಲ, ಸೂಕ್ಷ್ಮದರ್ಶಕದಲ್ಲೂ ಅವು ಬಹುತೇಕ ಒಂದೇ ತರಹ.

ಇದನ್ನು ಬಿಡಿಸಿದ್ದು ಡಿಎನ್‌ಎ. ಈ ಕೆಲಸ ನಡೆಯುವ ರೀತಿಯನ್ನು ನಾನು ನನಗೆ ಅರ್ಥವಾದಂತೆ ಹೇಳುತ್ತೇನೆ. ಮದ್ರಸಾಗಳಲ್ಲಿ ಹಳೆಯ ಗ್ರಂಥಗಳ ನುಸ್ಖಾಗಳನ್ನು, ಅಂದರೆ ಕೈಬರಹದ ಪ್ರತಿಗಳನ್ನು ಹೋಲಿಸುವ ಪದ್ಧತಿಯಿದೆ. ಒಬ್ಬ ಲಿಪಿಕಾರ ಒಂದು ಅಕ್ಷರ ತಪ್ಪಿದರೆ ಅವನ ಪ್ರತಿಯಿಂದ ಇಳಿದ ಎಲ್ಲ ಪ್ರತಿಗಳಲ್ಲೂ ಆ ತಪ್ಪು ಮುಂದುವರಿಯುತ್ತದೆ. ತಪ್ಪನ್ನು ನೋಡಿಯೇ ಈ ಪ್ರತಿ ಯಾವ ಮನೆತನದ್ದೆಂದು ಹೇಳಬಹುದು. ಡಿಎನ್‌ಎ ಕೂಡ ಪೀಳಿಗೆಯಿಂದ ಪೀಳಿಗೆಗೆ ನಕಲಾಗುವ ಬರಹ. ಅದರಲ್ಲಿರುವುದು ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರ. ಕಸಾಯಿಖಾನೆಯಿಂದ ತಂದ ಗುಳ್ಳೆಯ ಒಳಪೊರೆಯ ಚೂರಿನಿಂದ ಡಿಎನ್‌ಎ ಬೇರ್ಪಡಿಸುತ್ತಾರೆ. ಅದರ ಒಂದು ಸಣ್ಣ ಭಾಗವನ್ನು ಮಾತ್ರ ಪಿಸಿಆರ್ ಯಂತ್ರದಲ್ಲಿ ಕೋಟಿಗಟ್ಟಲೆ ನಕಲು ಮಾಡುತ್ತಾರೆ. ಕೊರೊನಾ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡವರಿಗೆ ಪಿಸಿಆರ್ ಹೆಸರು ಪರಿಚಿತ. ಆಮೇಲೆ ಅಕ್ಷರಗಳನ್ನು ಸಾಲಾಗಿ ಓದಿ, ಈಗಾಗಲೇ ಗೊತ್ತಿರುವ ಹುಳುಗಳ ಸಾಲುಗಳ ಜೊತೆ ಹೋಲಿಸುತ್ತಾರೆ.

1992ರಲ್ಲಿ ಆಸ್ಟ್ರೇಲಿಯಾದ ಬೌಲ್ಸ್, ಬ್ಲೇರ್ ಮತ್ತು ಮ್ಯಾಕ್‌ಮಾನಸ್ ಎಂಬ ಮೂವರು ಸಂಶೋಧಕರು ಕಾಕ್ಸ್-1 ಎಂಬ ಜೀನಿನ 366 ಅಕ್ಷರಗಳ ತುಣುಕೊಂದನ್ನು ಓದಿ ಈ ಹುಳುಗಳನ್ನು ತಳಿಗಳಾಗಿ ವಿಂಗಡಿಸುವ ದಾರಿ ತೋರಿಸಿದರು. ಕುರಿಯ ತಳಿಗೆ ಜಿ-1, ಎಮ್ಮೆಯದಕ್ಕೆ ಜಿ-3, ಕುದುರೆಯದಕ್ಕೆ ಜಿ-4, ದನದ್ದಕ್ಕೆ ಜಿ-5, ಒಂಟೆಯದಕ್ಕೆ ಜಿ-6, ಹೀಗೆ ಸಂಖ್ಯೆಗಳು ಬಂದವು. ಈಗ ಇವುಗಳಲ್ಲಿ ಕೆಲವನ್ನು ಬೇರೆ ಪ್ರಭೇದಗಳೆಂದೇ ಪರಿಗಣಿಸುತ್ತಾರೆ. ಜಿ-1 ಮತ್ತು ಜಿ-3 ಒಂದೇ ಪ್ರಭೇದದೊಳಗಿನ ಹತ್ತಿರದ ನೆಂಟರು, ಅವುಗಳ ಆ ತುಣುಕಿನಲ್ಲಿ ಬೆರಳೆಣಿಕೆಯ ಅಕ್ಷರಗಳಷ್ಟೇ ವ್ಯತ್ಯಾಸ.

ಇಷ್ಟೆಲ್ಲ ಸಂಖ್ಯೆ ನಮಗೇಕೆ ಎಂದು ಕೇಳಬಹುದು. ಕುದುರೆಯ ತಳಿ ಮನುಷ್ಯನಿಗೆ ತಗುಲುವುದು ತೀರಾ ಅಪರೂಪ. ಕುರಿಯ ತಳಿ ಹಾಗಲ್ಲ. 2014ರಲ್ಲಿ ಪ್ರಕಟವಾದ ಒಂದು ವಿಮರ್ಶಾ ಲೇಖನದ ಪ್ರಕಾರ, ಜಗತ್ತಿನಾದ್ಯಂತ ತಳಿ ಪರೀಕ್ಷೆಯಾದ ರೋಗಿಗಳ ಪೈಕಿ ನೂರಕ್ಕೆ ಸುಮಾರು 88 ಮಂದಿಗೆ ರೋಗ ತಂದದ್ದು ಕುರಿಯ ತಳಿಯ ಗುಂಪು. ಭಾರತದಲ್ಲಿ? 2009ರಲ್ಲಿ ಪ್ರಕಟವಾದ, ಪಶ್ಚಿಮ ಭಾರತದ ಜಾನುವಾರುಗಳ ಗುಳ್ಳೆಗಳ ಮೇಲಿನ ಅಧ್ಯಯನದಲ್ಲಿ ಹೆಚ್ಚು ಸಿಕ್ಕಿದ್ದು ಜಿ-3. ಕೆಲವು ವರ್ಷಗಳ ನಂತರ ಉತ್ತರ ಭಾರತದ ರೋಗಿಗಳಿಂದ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗುಳ್ಳೆಗಳನ್ನು ಪರೀಕ್ಷಿಸಿದಾಗಲೂ ಮೊದಲ ಸ್ಥಾನ ಜಿ-3ಕ್ಕೆ, ಎರಡನೆಯದು ಜಿ-1ಕ್ಕೆ. ಪ್ರಾಣಿಯ ಗುಳ್ಳೆ ಮತ್ತು ಮನುಷ್ಯನ ಗುಳ್ಳೆ ಒಂದೇ ಬರಹದ ಪ್ರತಿಗಳೆಂದು ಇದರರ್ಥ. ನಾವು ಬೇಲಿಯಾಚೆ ಎಸೆದದ್ದೇ ಸುತ್ತಿ ಬಳಸಿ ನಮ್ಮ ಸ್ಕ್ಯಾನಿನಲ್ಲಿ ಕಾಣಿಸಿಕೊಳ್ಳುತ್ತಿದೆ.

ಕುರಿಯ ಹೊಟ್ಟೆಯಲ್ಲಿ ಕಾಣುವ ಗುಳ್ಳೆಯೆಲ್ಲ ಇದೇ ಅಲ್ಲ ಎಂಬುದನ್ನೂ ಹೇಳಬೇಕು. ಕರುಳಿನ ಮೇಲಿನ ಕೊಬ್ಬಿನ ಪರದೆಯಿಂದ ನೀರಿನ ಪೊಟ್ಟಣದಂತೆ ಜೋತಾಡುವ, ಒಳಗೆ ಒಂದೇ ಒಂದು ಬಿಳಿ ಗಂಟಿರುವ ಗುಳ್ಳೆ ಟೀನಿಯಾ ಹೈಡ್ಯಾಟಿಜಿನಾ ಎಂಬ ಇನ್ನೊಂದು ಲಾಡಿಹುಳುವಿನದು. ಅದು ಮನುಷ್ಯನಿಗೆ ರೋಗ ತರುವುದಿಲ್ಲ. ಹೈಡ್ಯಾಟಿಡ್ ಗುಳ್ಳೆಯಾದರೋ ಅಂಗದ ಮಾಂಸದೊಳಗೇ ಹುದುಗಿರುತ್ತದೆ, ಗೋಡೆ ದಪ್ಪ, ನೀರಿನಲ್ಲಿ ಕೆಲವೊಮ್ಮೆ ಮರಳಿನಂತಹ ಕಣಗಳು. ಆದರೆ ಗುಳ್ಳೆ ಎಳೆಯದಾಗಿದ್ದಾಗ, ಇಲ್ಲವೇ ಸತ್ತು ಸುಣ್ಣಗಟ್ಟಿದಾಗ ಪಶುವೈದ್ಯರಿಗೂ ಗುರುತು ಸಿಗುವುದು ಕಷ್ಟ, ಆಗ ಜೀನ್ ಪರೀಕ್ಷೆಯೇ ಗತಿ. ಮನೆಯಲ್ಲಿ ನಾವು ಆ ಪಾಂಡಿತ್ಯಕ್ಕೆ ಹೋಗದೆ ಯಾವ ಗುಳ್ಳೆಯನ್ನೂ ನಾಯಿಗೆ ಹಾಕದಿರುವುದು ಲೇಸು.

ಗುಳ್ಳೆ ಕಂಡಾಗ ಜನ ಕೇಳುವ ಮೊದಲ ಪ್ರಶ್ನೆ ಕುರ್ಬಾನಿ ಸಿಂಧುವೇ ಎಂಬುದು. ಬರಾ ಬಿನ್ ಆಝಿಬ್(ರ)ರಿಂದ ವರದಿಯಾದ ಹದೀಸ್‌ನಲ್ಲಿ ಪ್ರವಾದಿಯವರು(ಸ) ನಾಲ್ಕು ದೋಷಗಳನ್ನು ಹೇಳಿದ್ದಾರೆ. ಅವುಗಳಲ್ಲಿ ರೋಗ, ಕುಂಟು, ಒಕ್ಕಣ್ಣು ಈ ಮೂರೂ 'ಸ್ಪಷ್ಟವಾಗಿ ಕಾಣುವಂಥದ್ದು' ಆಗಿರಬೇಕೆಂದಿದೆ. ಕೊಯ್ದ ಮೇಲೆ ಒಳಗೆ ಕಂಡ ಗುಳ್ಳೆ ಬಲಿಯನ್ನು ಕೆಡಿಸುವುದಿಲ್ಲವೆಂದೇ ನನ್ನ ಉಸ್ತಾದರು ಕಲಿಸಿದ್ದು. ಸುತ್ತುವ ಕುರಿಯ ವಿಷಯ ಬೇರೆ, ಅದು ಸಂತೆಯಲ್ಲೇ ಕಾಣುವ ರೋಗ.

ಎರಡನೆಯ ಮಾತು ನಾಯಿ ಬಾಯಿ ಹಾಕಿದ ಪಾತ್ರೆಯದು. ಅದನ್ನು ಏಳು ಬಾರಿ, ಅದರಲ್ಲಿ ಒಮ್ಮೆ ಮಣ್ಣಿನಿಂದ ತೊಳೆಯಬೇಕೆಂಬ ಹದೀಸ್ ಎಲ್ಲರಿಗೂ ಗೊತ್ತು. ಈ ಲಾಡಿಹುಳುವಿಗಾಗಿಯೇ ಆ ಆಜ್ಞೆ ಬಂತು, ವಿಜ್ಞಾನ ಈಗ ಸಾಬೀತು ಮಾಡಿತು ಎಂದು ಭಾಷಣಗಳಲ್ಲಿ ಕೇಳಿದ್ದೇನೆ. ಹಾಗೆ ಹೇಳುವ ಧೈರ್ಯ ನನಗಿಲ್ಲ. ಮಾಲಿಕೀ ಮದ್‌ಹಬ್‌ನ ಉಲಮಾಗಳು ಆ ತೊಳೆಯುವಿಕೆಯನ್ನು ಕಾರಣ ಹುಡುಕದೆ ಪಾಲಿಸಬೇಕಾದ ಆರಾಧನೆಯ ಆಜ್ಞೆಯೆಂದೇ ತಿಳಿದಿದ್ದಾರೆ. ಹದೀಸ್‌ಗೆ ಹುಳುವಿನ ಆಸರೆ ಬೇಕಿಲ್ಲ. ಅಲ್ಲದೆ ಪಾತ್ರೆಯನ್ನು ಏಳು ಬಾರಿ ತೊಳೆಯುವ ನಾವು ಅದೇ ನಾಯಿಗೆ ಗುಳ್ಳೆಯ ಕಲೇಜಿಯನ್ನು ಕೈಯಾರೆ ಎಸೆದು ಓಣಿಯನ್ನೆಲ್ಲ ಕೆಡಿಸುತ್ತಿದ್ದರೆ ಶುಚಿತ್ವದ ಮಾತಿಗೆ ಬೆಲೆಯೇನು? ನಾಯಿಯ ಮೇಲೆ ಸಿಟ್ಟು ತೀರಿಸುವುದೂ ಬೇಡ. ಬಾಯಾರಿದ ನಾಯಿಗೆ ನೀರು ಕುಡಿಸಿದವನನ್ನು ಅಲ್ಲಾಹನು ಕ್ಷಮಿಸಿದ ವೃತ್ತಾಂತವೂ ಹದೀಸ್‌ನಲ್ಲೇ ಇದೆ.

ಈ ಸರಪಳಿಯನ್ನು ಕಡಿದು ತೋರಿಸಿದ ದೇಶಗಳಿವೆ. ಐಸ್‌ಲ್ಯಾಂಡ್ ಕುರಿ ಸಾಕಣೆಯ ದ್ವೀಪ. 1863ರಲ್ಲಿ ಡೆನ್ಮಾರ್ಕ್‌ನ ಹರಾಲ್ಡ್ ಕ್ರಾಬ್ಬೆ ಅಲ್ಲಿಗೆ ಹೋಗಿ ನಾಯಿಗಳನ್ನು ಕೊಯ್ದು ನೋಡಿದಾಗ ನೂರಕ್ಕೆ 28ರಲ್ಲಿ ಈ ಹುಳುವಿತ್ತು. ಮರುವರ್ಷ ಅವರ ಕಿರುಪುಸ್ತಕವನ್ನು ಐಸ್‌ಲ್ಯಾಂಡಿನ ಭಾಷೆಯಲ್ಲಿ ಅಚ್ಚು ಮಾಡಿಸಿ ಜನರಿಗೆ ಉಚಿತವಾಗಿ ಹಂಚಲಾಯಿತು. ಗುಳ್ಳೆಗಳನ್ನು ನಾಯಿಗೆ ಹಾಕಬೇಡಿ, ನಾಶಮಾಡಿ ಎಂಬುದೇ ಅದರ ತಿರುಳು. ಮುಂದೆ ಕಾನೂನುಗಳೂ ಬಂದವು, ಕ್ರಮೇಣ ರೋಗ ಆ ದ್ವೀಪದಿಂದಲೇ ಅಳಿಯಿತು. ಆಗ ಡಿಎನ್‌ಎ ಪರೀಕ್ಷೆಯೂ ಇರಲಿಲ್ಲ, ಇಂದಿನ ಮಾತ್ರೆಗಳೂ ಇರಲಿಲ್ಲ. ನ್ಯೂಜಿಲೆಂಡ್ ಕೂಡ ದಶಕಗಳ ಪ್ರಯತ್ನದ ನಂತರ 2002ರಲ್ಲಿ ತಾತ್ಕಾಲಿಕವಾಗಿ ರೋಗಮುಕ್ತವೆಂದು ಘೋಷಿಸಿಕೊಂಡಿತು. ಕುರಿಗಳಿಗೆ ಇಜಿ-95 ಎಂಬ ಲಸಿಕೆಯೂ ಇದೆ. ಚೀನಾ, ಅರ್ಜೆಂಟೀನಾಗಳಲ್ಲಿ ಅದನ್ನು ಬಳಸಿದ್ದಾರೆ.

2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ ಸುಮಾರು 1 ಕೋಟಿ 11 ಲಕ್ಷ ಕುರಿಗಳಿದ್ದವು. ದೇಶದಲ್ಲಿ ತೆಲಂಗಾಣ, ಆಂಧ್ರಗಳ ನಂತರ ಮೂರನೆಯ ಸ್ಥಾನ. ಇಷ್ಟು ಕುರಿ, ಎಣಿಕೆಗೆ ಸಿಗದಷ್ಟು ಬೀದಿನಾಯಿ. ಕಸಾಯಿಖಾನೆಯಲ್ಲಿ ಪಶುವೈದ್ಯರ ತಪಾಸಣೆ ಇರಬಹುದು, ನಮ್ಮ ಅಂಗಳದಲ್ಲಿ ತಪಾಸಣೆ ಮಾಡುವವರು ನಾವೇ. ಗುಳ್ಳೆ ಕಂಡರೆ ಅದನ್ನು ಚುಚ್ಚಿ ಒಡೆಯಬೇಡಿ. ಆ ಭಾಗವನ್ನು ಇಡಿಯಾಗಿ ಕತ್ತರಿಸಿ ಸುಟ್ಟುಹಾಕಿ, ಇಲ್ಲವೇ ನಾಯಿ ಅಗೆಯಲಾಗದಷ್ಟು ಆಳದಲ್ಲಿ ಹೂಳಿ. ನಾಯಿಗೆ ಕಲೇಜಿ, ಶ್ವಾಸಕೋಶ ಹಾಕಲೇಬೇಕೆಂದಿದ್ದರೆ ಅರ್ಧ ಗಂಟೆ ನೀರಿನಲ್ಲಿ ಕುದಿಸಿ ಹಾಕಿ, ಲಾರ್ವಾಗಳು ಸಾಯುತ್ತವೆ. ತೋಟ ಕಾಯಲು ನಾಯಿ ಸಾಕಿದವರು ಪಶುವೈದ್ಯರನ್ನು ಕೇಳಿ ಪ್ರಾಜಿಕ್ವಾಂಟೆಲ್ ಔಷಧ ಕೊಡಿಸಬೇಕು. ಮಕ್ಕಳು ಮಣ್ಣಿನಲ್ಲಿ ಆಡಿ ಬಂದರೆ ಸೋಪು ಹಚ್ಚಿ ಕೈ ತೊಳೆಸುವುದು, ಹಸಿ ತಿನ್ನುವ ಸೊಪ್ಪನ್ನು ಹರಿಯುವ ನೀರಿನಲ್ಲಿ ಎಲೆ ಬಿಡಿಸಿ ತೊಳೆಯುವುದು ವರ್ಷವಿಡೀ ನಡೆಯಬೇಕಾದ ಕೆಲಸ.

ಕಳೆದ ಬಕ್ರೀದ್‌ಗೆ ನಮ್ಮ ಮಸೀದಿಯ ಹಿಂದೆ ಯುವಕರು ಒಂದು ದಿನ ಮೊದಲೇ ನಾಲ್ಕು ಅಡಿ ಆಳದ ಗುಂಡಿ ತೋಡಿ, ಪಕ್ಕದಲ್ಲಿ ಎರಡು ಚೀಲ ಸುಣ್ಣ ಇಟ್ಟಿದ್ದರು. ಹನ್ನೆರಡು ಮನೆಗಳ ಕುರಿಗಳಲ್ಲಿ ಮೂರರ ಕಲೇಜಿಯಲ್ಲಿ ಗುಳ್ಳೆ ಸಿಕ್ಕಿತು. ನನ್ನ ಒಬ್ಬ ವಿದ್ಯಾರ್ಥಿ ಪ್ಲಾಸ್ಟಿಕ್ ಚೀಲದಲ್ಲಿ ಒಂದನ್ನು ಹಿಡಿದು ಓಡಿ ಬಂದು, "ಉಸ್ತಾದ್, ಇದು ಜಿ-1 ಇರಬಹುದಾ, ಜಿ-3 ಇರಬಹುದಾ?" ಎಂದು ಕೇಳಿದ. ನನಗೆ ಗೊತ್ತಿಲ್ಲ, ಗುಂಡಿಗೆ ಹಾಕು ಎಂದೆ. ಸಂಜೆ ಮಣ್ಣು ಮುಚ್ಚಿ ಮೇಲೆ ಚಪ್ಪಡಿ ಕಲ್ಲು ಎಳೆದರು. ನಾಯಿಗಳಿಗೆ ಒಂದು ದೊಡ್ಡ ಪಾತ್ರೆಯಲ್ಲಿ ಬೇಯಿಸಿದ ಶ್ವಾಸಕೋಶವಿತ್ತು.